ಒಡವೆಯೋ, ಹತಾರವೋ?

ಶನಿವಾರ ಬೆಳಗ್ಗೆ ಆರು ಗಂಟೆಗೆ ಮೈಸೂರಿನ ಹುಣಸೂರು ರಸ್ತೆ ಬದಿ ಒಂದು ಟೀ ಹಿಡ್ಕೊಂಡು ಅರ್ಧ ಗಂಟೆ ನಿಂತರೆ ಸಾಕು, ಒಂದು ವಸ್ತುಪ್ರದರ್ಶನವೇ ಕಣ್ಮುಂದೆ ಹಾದುಹೋಗುತ್ತೆ. ಕೊಡಗಿನ ಕಡೆ ಹೊರಟ ಥಾರ್‌ಗಳು, ಜಿಮ್ನಿಗಳು, ಹಿಮಾಲಯನ್ ಬೈಕುಗಳು. ಮುಂದೆ ಕಬ್ಬಿಣದ ಗಾರ್ಡು, ನೆತ್ತಿ ಮೇಲೆ ಎಲ್‌ಇಡಿ ಬಾರು, ಪಕ್ಕದಲ್ಲಿ ಆನೆ ಸೊಂಡಿಲು ಎತ್ತಿದ ಹಾಗೆ ಸ್ನಾರ್ಕೆಲ್, ಹಿಂದೆ ಏಣಿ, ಏಣಿ ಪಕ್ಕ ಕೆಂಪು ಜೆರ್ರಿ ಕ್ಯಾನು. ಎಲ್ಲವೂ ಇರುತ್ತೆ, ಒಂದನ್ನು ಬಿಟ್ಟು. ಮಣ್ಣು!

ಪುಸ್ತಕಕ್ಕೆ ವಿಮರ್ಶೆ ಇದೆ, ಸಿನಿಮಾಗೆ ಇದೆ, ಈಗೀಗ ಮಸಾಲೆ ದೋಸೆಗೂ ಇದೆ. ಗಾಡಿಗೆ ಹಾಕಿಸೋ ಈ ಆಕ್ಸೆಸರಿಗಳಿಗೆ ಮಾತ್ರ ಇರೋದು ಬರೀ ಜಾಹೀರಾತು ಮತ್ತು ಅನ್‌ಬಾಕ್ಸಿಂಗ್ ವಿಡಿಯೋ. ಡಬ್ಬ ಬಿಚ್ಚೋವರೆಗೆ ಎಲ್ಲರೂ ಇರ್ತಾರೆ; ಮೂರು ಮಳೆಗಾಲ ಕಳೆದ ಮೇಲೆ ಆ ವಸ್ತು ಎಷ್ಟು ಸಲ ಕೈಗೆ ಬಂತು ಅಂತ ಹೇಳೋರು ಯಾರೂ ಇರಲ್ಲ. ಹಾಗಾಗಿ ಇವತ್ತು ಅವನ್ನೇ ಒಂದೊಂದಾಗಿ ವಿಮರ್ಶೆಗೆ ತಗೊಳ್ಳೋಣ ಅಂತ.

ನಮ್ಮೂರ ಕಡೆ ಕೆಲಸಕ್ಕೆ ಬರೋ ಸಾಮಾನಿಗೆ ಹತಾರ ಅಂತಾರೆ. ಗುದ್ದಲಿ, ಹಾರೆ, ಕುಡುಗೋಲು, ಮಚ್ಚು, ಇವೆಲ್ಲ ಹತಾರ. ಮೈಮೇಲೆ ಹಾಕ್ಕೊಳ್ಳೋದು ಒಡವೆ. ಎರಡಕ್ಕೂ ಮನೆಯಲ್ಲಿ ಜಾಗ ಬೇರೆ. ಒಂದು ಕೊಟ್ಟಿಗೆಯಲ್ಲಿ, ಇನ್ನೊಂದು ಬೀರುವಿನಲ್ಲಿ. ಆಕ್ಸೆಸರಿ ಅಂಗಡಿಯಲ್ಲಿ ಮಾತ್ರ ಎರಡನ್ನೂ ಒಂದೇ ಗೋಡೆಗೆ ನೇತುಹಾಕಿ, ಎರಡಕ್ಕೂ ‘ಆಫ್-ರೋಡ್’ ಅಂತ ಚೀಟಿ ಅಂಟಿಸಿ ಮಾರ್ತಾರೆ. ಕೊಳ್ಳೋನಿಗೆ ಗೊಂದಲ ಶುರುವಾಗೋದೇ ಅಲ್ಲಿ.

ಆ ‘ಆಫ್-ರೋಡ್’ ಅನ್ನೋ ಮಾತನ್ನೇ ಮೊದಲು ನೋಡಿ. ನಾನು ಹುಟ್ಟಿ ಬೆಳೆದದ್ದು ತಿ. ನರಸೀಪುರದ ಕಡೆಯ ಹಳ್ಳೀಲಿ. ಬಿಇ ಮುಗಿಸಿ, ಸಾಫ್ಟ್‌ವೇರ್ ಕೆಲಸ ಹಿಡಿದು ಮೈಸೂರಿಗೆ ಬಂದ ಮೇಲೆಯೇ ಗೊತ್ತಾದದ್ದು, ಹೈಸ್ಕೂಲು ಮುಗಿಯೋವರೆಗೂ ನಾನು ದಿನಾ ಆಫ್-ರೋಡಿಂಗ್ ಮಾಡ್ತಿದ್ದೆ ಅಂತ! ನಾವು ಅದನ್ನ ಬಂಡಿದಾರಿ ಅಂತಿದ್ವಿ, ನಾಲೆ ಏರಿ ಅಂತಿದ್ವಿ. ಗದ್ದೆಯಿಂದ ಹುಲ್ಲು ಮನೆಗೆ ಬರೋದು ಅದೇ ದಾರೀಲಿ. ಬೆಳಗಿನ ಜಾವ ಡೈರಿಗೆ ಹಾಲು ಹೋಗೋದು ಅದೇ ದಾರೀಲಿ. ತುಂಬು ಬಸುರಿಯನ್ನ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಅದೇ ದಾರೀಲಿ. ಷೋರೂಮಿನವರು ಯಾವುದನ್ನ ‘ರೋಡೇ ಅಲ್ಲ’ ಅಂತಾರೋ ಅದು ಯಾರದೋ ದಿನನಿತ್ಯದ ರೋಡು.

ಇದು ಭಾವುಕ ಮಾತು ಅಂದ್ಕೋಬೇಡಿ, ಆಕ್ಸೆಸರಿ ಆರಿಸೋಕೆ ಇದರಿಂದಲೇ ಎರಡು ಅಳತೆ ಸಿಗುತ್ತೆ. ಒಂದು: ಗಾಡಿ ಸಿಕ್ಕಿಹಾಕ್ಕೊಂಡಾಗ ಈ ವಸ್ತು ಬಿಡಿಸುತ್ತಾ? ಎರಡು: ಅದೇ ದಾರೀಲಿ ಎದುರಿಗೆ ಬರೋನಿಗೆ ಇದು ಏನು ಮಾಡುತ್ತೆ? ಮೊದಲನೇದನ್ನ ಬುದ್ಧಿವಂತ ಗಿರಾಕಿಗಳು ಕೇಳ್ತಾರೆ. ಎರಡನೇದನ್ನ ಕೇಳೋರನ್ನ ನಾನಂತೂ ನೋಡಿಲ್ಲ.

ಈ ಎರಡೂ ಅಳತೆಯಲ್ಲಿ ಪಾಸಾಗಿದ್ದ ಒಂದು ಆಫ್-ರೋಡ್ ವಾಹನ ನಮ್ಮಲ್ಲೇ ಇತ್ತು. ಎತ್ತಿನ ಗಾಡಿ. ದೂರದ ಜಾತ್ರೆಗೆ, ಸಂತೆಗೆ ಹೊರಟ ಗಾಡಿಯಲ್ಲಿ ಏನೇನಿರ್ತಿತ್ತು ನೆನಪಿಸ್ಕೊಳ್ಳಿ. ಅಚ್ಚಿಗೆ ಹಾಕೋಕೆ ಕೀಲೆಣ್ಣೆ, ಕಟ್ಟೋಕೆ ಹಗ್ಗ, ಒಂದು ಮಚ್ಚು, ಎತ್ತಿಗೆ ಹುಲ್ಲು. ಚಕ್ರ ಕಳಚದ ಹಾಗೆ ಕಡಾಣಿ ಸರಿ ಇದೆಯಾ ಅಂತ ಹೊರಡೋ ಮುಂಚೆ ನೋಡ್ತಿದ್ರು. ರಾತ್ರಿ ಪ್ರಯಾಣವಾದರೆ ಗಾಡಿ ಕೆಳಗೆ ಒಂದು ಲಾಟೀನು ತೂಗುಹಾಕ್ತಿದ್ರು. ಆ ಲಾಟೀನಿನಿಂದ ದೊಡ್ಡ ಬೆಳಕೇನೂ ಇಲ್ಲ. ಎತ್ತಿಗೆ ದಾರಿ ಗೊತ್ತಿರುತ್ತೆ. ಇಲ್ಲೊಂದು ಗಾಡಿ ಬರ್ತಿದೆ ಅಂತ ಬೇರೆಯವರಿಗೆ ಕಾಣಬೇಕು, ಅಷ್ಟೇ ಅದರ ಕೆಲಸ. ಎತ್ತಿನ ಕೊರಳ ಗಂಟೆಯೂ ಹಾಗೆಯೇ. ನೋಡೋಕೆ ಒಡವೆ, ತಿರುವಿನಲ್ಲಿ ಹತಾರ.

ಮೋಟಾರು ವಾಹನದ ಕಾಲಕ್ಕೆ ಬಂದರೂ ಮೈಸೂರಿಗೆ ಇದು ಹೊಸ ಪಾಠವೇನಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಬೈಕನ್ನ ಓಡಿಸಿದವರು ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು, ಕೇಳಿ ನೋಡಿ. ಕಿಕ್ ಹೊಡೆಯೋ ಲಿವರೂ ಅದೇ, ಗೇರು ಹಾಕೋ ಲಿವರೂ ಅದೇ. ಕಿಕ್ ಹೊಡೆದು ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್ ಆಗ್ತಿತ್ತು. ಒಂದು ಕಬ್ಬಿಣದ ತುಂಡಿಗೆ ಎರಡು ಕೆಲಸ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಯೆಜ್ಡಿ ಹೆಸರು 2022ರಲ್ಲಿ ಬೇರೆ ಕಂಪನಿಯಿಂದ ವಾಪಸ್ ಬಂದಾಗ ಅದರಲ್ಲಿ ಒಂದು ಮಾಡೆಲ್ಲಿನ ಹೆಸರೇ ‘ಅಡ್ವೆಂಚರ್’. ಹಳೇ ಯೆಜ್ಡಿಯಲ್ಲಿ ಗೊಬ್ಬರದ ಮೂಟೆ ಕಟ್ಕೊಂಡು ಗದ್ದೆಗೆ ಹೋಗ್ತಿದ್ದವರು ಅದನ್ನ ಅಡ್ವೆಂಚರ್ ಅಂತ ಕರೀತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಸರಿ, ಈಗ ಅಂಗಡಿ ಒಳಗೆ ಹೋಗೋಣ.

ಮೊದಲು ಟೈರು. ಗಾಡಿಗೂ ನೆಲಕ್ಕೂ ಸಂಬಂಧ ಇರೋದು ನಾಲ್ಕು ಅಂಗೈಯಷ್ಟು ರಬ್ಬರಿನಲ್ಲಿ ಮಾತ್ರ. ಆದರೂ ಜನ ದುಡ್ಡು ಕೊನೆಗೆ ಖರ್ಚು ಮಾಡೋದು ಇಲ್ಲಿಗೇ, ಯಾಕಂದ್ರೆ ಟೈರು ಫೋಟೋದಲ್ಲಿ ಅಷ್ಟಾಗಿ ಕಾಣಲ್ಲ. ಹೈವೇ ಟೈರು, ಆಲ್-ಟೆರೇನ್ ಟೈರು, ಮಡ್ ಟೈರು ಅಂತ ಮೂರು ಬಗೆ. ಮಡ್ ಟೈರಿನ ಗುಬ್ಬಿಗಳ ನಡುವೆ ಜಾಗ ಜಾಸ್ತಿ, ಹಾಗಾಗಿ ಮೆತ್ತಿಕೊಂಡ ಮಣ್ಣು ಚಕ್ರ ತಿರುಗಿದ ಹಾಗೆ ಉದುರಿಹೋಗುತ್ತೆ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಎರೆಮಣ್ಣಿನಲ್ಲಿ ಮಳೆ ಬಿದ್ದ ಮಾರನೇ ದಿನ ನಡೆದವರಿಗೆ ಇದು ಗೊತ್ತು. ಹತ್ತು ಹೆಜ್ಜೆಗೆ ಚಪ್ಪಲಿ ತೂಕ ಎರಡರಷ್ಟಾಗಿರುತ್ತೆ. ಹೈವೇ ಟೈರಿಗೂ ಅಲ್ಲಿ ಅದೇ ಗತಿ. ಆದರೆ ಅದೇ ಮಡ್ ಟೈರು ಡಾಂಬರಿನ ಮೇಲೆ ಗುಂಯ್ಯ್ ಅಂತ ಸದ್ದು ಮಾಡುತ್ತೆ, ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ಅಷ್ಟು ಚೆನ್ನಾಗಿ ಹಿಡಿಯಲ್ಲ, ಬೇಗ ಸವೆಯುತ್ತೆ. ವಾರಕ್ಕೆ ಐದು ದಿನ ರಿಂಗ್ ರೋಡಿನಲ್ಲಿ ಆಫೀಸಿಗೆ ಹೋಗಿ, ತಿಂಗಳಿಗೊಮ್ಮೆ ಕಾಫಿ ತೋಟದ ದಾರಿ ಹತ್ತೋನಿಗೆ ಆಲ್-ಟೆರೇನ್ ಸಾಕು, ಸಾಕೋ ಸಾಕು.

ದೊಡ್ಡ ಟೈರು ಹಾಕಿಸಿದರೆ ಗಾಡಿ ಎತ್ತರ ಆಗುತ್ತೆ ಅಂತ ಇನ್ನೊಂದು ನಂಬಿಕೆ. ಲೆಕ್ಕ ಹಾಕೋಣ, ನಮಗೆ ಬರೋದೇ ಅದು. ಜಿಮ್ನಿಗೆ ಕಂಪನಿ ಕೊಡೋದು 195/80 ಆರ್15. ಅದರ ವ್ಯಾಸ 693 ಮಿಲಿಮೀಟರ್. ಅದನ್ನ ತೆಗೆದು 215/75 ಆರ್15 ಹಾಕಿಸಿದರೆ ವ್ಯಾಸ ಸುಮಾರು 703. ವ್ಯಾಸದ ಅರ್ಧ ಮಾತ್ರ ಆಕ್ಸಲಿನ ಕೆಳಗೆ ಬರೋದ್ರಿಂದ ನೆಲದಿಂದ ಗಾಡಿ ಏಳೋದು ಐದೇ ಮಿಲಿಮೀಟರ್. ಒಂದು ಪೆನ್ಸಿಲ್ಲಿನ ದಪ್ಪವೂ ಇಲ್ಲ! ಅಗಲ ಜಾಸ್ತಿಯಾಗಿ ನೋಡೋಕೆ ಗತ್ತು ಬರುತ್ತೆ, ಅದು ನಿಜ. ಗತ್ತಿಗೆ ಅಂತ ಹೇಳಿ ಹಾಕಿಸಿ, ಯಾರೂ ಬೇಡ ಅನ್ನಲ್ಲ.

ಟೈರಿನ ಒಳಗಿರೋ ಗಾಳಿಯಂತೂ ಬಿಟ್ಟಿ ಸಿಗೋ ಆಕ್ಸೆಸರಿ. ಕೆಸರು, ಮರಳು ಬಂದಾಗ ಮೂವತ್ತು ಚಿಲ್ಲರೆ ಪಿಎಸ್‌ಐ ಇರೋದನ್ನ ಇಪ್ಪತ್ತರ ಆಸುಪಾಸಿಗೆ ಇಳಿಸಿದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತೆ, ಹಿಡಿತ ಹೆಚ್ಚುತ್ತೆ. ಎಷ್ಟೋ ಸಲ ಗಾಡಿ ಈಚೆ ಬರೋಕೆ ಇಷ್ಟೇ ಸಾಕು. ಆದರೆ ಅದೇ ಗಾಳಿಯಲ್ಲಿ ಡಾಂಬರಿಗೆ ಹತ್ತಿ ಎಂಬತ್ತರಲ್ಲಿ ಓಡಿಸಿದರೆ ಟೈರು ಕಾದು ಹಾಳಾಗುತ್ತೆ. ಅದಕ್ಕೇ ಗಾಳಿ ಬಿಡೋಕೆ ಒಂದು ಗೇಜು, ಮತ್ತೆ ತುಂಬೋಕೆ 12 ವೋಲ್ಟಿನ ಕಂಪ್ರೆಸರ್, ಇವೆರಡೂ ಜೋಡಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚೋ ಪುಟ್ಟ ಕಂಪ್ರೆಸರ್ ನಿಧಾನ, ಆದರೆ ನಡೆಯುತ್ತೆ. ಬ್ಯಾಟರಿಗೇ ಕ್ಲಿಪ್ ಹಾಕೋ ದೊಡ್ಡದು ಬೇಗ ತುಂಬಿಸುತ್ತೆ. ದೊಡ್ಡದರ ತಂತಿಯನ್ನ ಸಾಕೆಟ್ಟಿಗೆ ಹೊಂದಿಸೋ ಸಾಹಸ ಮಾತ್ರ ಬೇಡ, ಮೊದಲು ಹೋಗೋದೇ ಫ್ಯೂಸು. ಜೊತೆಗೆ ಒಂದು ಪಂಕ್ಚರ್ ಕಿಟ್. ಇಷ್ಟು ಇದ್ದರೆ ನೂರಕ್ಕೆ ನೂರು ಹತಾರ.

ಎರಡನೇದು, ಎಳೆಯೋ ಸಾಮಾನು. ಕೆಆರ್‌ಎಸ್ ಹಿನ್ನೀರು ಇಳಿದಾಗ ಸಾಗರಕಟ್ಟೆ ಕಡೆ, ಹೊಸಕನ್ನಂಬಾಡಿ ಕಡೆ ಗಾಡಿಗಳು ನೀರಂಚಿಗೆ ಹೋಗ್ತಾವೆ. ಮೇಲೆ ನೋಡಿದರೆ ಒಣಗಿ ಬಿರುಕು ಬಿಟ್ಟ ನೆಲ, ಒಂದು ಗೇಣು ಕೆಳಗೆ ಬೆಣ್ಣೆಯಂಥ ಕೆಸರು. ಒಮ್ಮೆ ನಮ್ಮ ಟೀಮಿನ ಹುಡುಗನೊಬ್ಬನ ಗಾಡಿ ಅಲ್ಲಿ ಆಕ್ಸಲ್‌ವರೆಗೆ ಕೂತುಬಿಡ್ತು. ಹಿಂದಿನ ಎರಡೇ ಚಕ್ರ ಎಳೆಯೋ ಗಾಡಿ ಅದು. ಥಾರ್‌ನಲ್ಲೂ 2023ರಿಂದ ಅಂಥ ಮಾಡೆಲ್ ಇದೆ. ಮೇಲಿನ ಅಲಂಕಾರ ನೋಡಿ ಫೋರ್ ಬೈ ಫೋರ್ ಅಂತ ಹೇಳೋಕಾಗಲ್ಲ. ಪಕ್ಕದ ಹೊಲದಿಂದ ಟ್ರ್ಯಾಕ್ಟರ್ ತಂದ ರೈತರು ಗಾಡಿಯನ್ನ ಒಂದು ಸುತ್ತು ಹಾಕಿ ನೋಡಿದ್ರು.

“ಏನ್ ಸಾರ್, ಇಷ್ಟೆಲ್ಲ ಕಟ್ಸಿದೀರಾ, ಒಂದ್ ಹಗ್ಗ ಇಲ್ವಾ?”

“ಇಲ್ಲ ಅಣ್ಣಾ...”

“ನಂದೇ ಐತೆ ಬುಡಿ. ಎಲ್ಲಿಗ್ ಕಟ್ಲಿ ಯೋಳಿ?”

ಪ್ರಶ್ನೆ ಇದ್ದದ್ದು ಅಲ್ಲೇ. ಕಂಪನಿ ಕೊಟ್ಟಿದ್ದ ಟೋ ಹುಕ್ಕಿನ ಜಾಗವನ್ನ ಆಮೇಲೆ ಹಾಕಿಸಿದ ಕಬ್ಬಿಣದ ಬಂಪರ್ ಪೂರ್ತಿ ಮುಚ್ಚಿಬಿಟ್ಟಿತ್ತು. ಆ ಬಂಪರ್ರೋ, ನಾಲ್ಕು ಬೋಲ್ಟಿನಲ್ಲಿ ನಿಂತಿರೋ ಅಲಂಕಾರ. ಅದಕ್ಕೆ ಕಟ್ಟಿ ಎಳೆದರೆ ಬಂಪರ್ ಮಾತ್ರ ಟ್ರ್ಯಾಕ್ಟರ್ ಹಿಂದೆ ಹೋಗೋದು. ಕೊನೆಗೆ ಬಂಪರ್ ಬಿಚ್ಚಿಯೇ ಗಾಡಿ ತೆಗೆದದ್ದು. ಸಾಹಸಕ್ಕೆ ಅಂತ ಮಾರಿದ ವಸ್ತು, ಸಾಹಸ ಬಂದ ದಿನ ಅಡ್ಡ ನಿಂತಿತ್ತು.

ಆದ್ದರಿಂದ ಹಗ್ಗಕ್ಕಿಂತ ಮೊದಲು ಚಾಸಿಗೆ ಗಟ್ಟಿಯಾಗಿ ಕೂತ ಕೊಂಡಿ ಹಿಂದೆ ಮುಂದೆ ಎಲ್ಲಿದೆ ಅಂತ ಮಂಡಿಯೂರಿ ನೋಡ್ಕೊಳ್ಳಿ. ಹಗ್ಗದಲ್ಲಿ ಎರಡು ಜಾತಿ. ಸಾಮಾನ್ಯ ಟೋ ಹಗ್ಗ ಹಿಗ್ಗಲ್ಲ, ನಿಧಾನಕ್ಕೆ ಎಳೆಯೋಕೆ ಮಾತ್ರ. ಸ್ನ್ಯಾಚ್ ಸ್ಟ್ರಾಪ್ ನೈಲಾನಿನದು, ರಬ್ಬರಿನ ಥರ ಹಿಗ್ಗಿ, ಆ ಸೆಳೆತದಲ್ಲೇ ಸಿಕ್ಕಿಕೊಂಡ ಗಾಡಿಯನ್ನ ಕಿತ್ತು ತೆಗೆಯುತ್ತೆ. ಹಿಗ್ಗದ ಹಗ್ಗದಲ್ಲಿ ಜಗ್ಗಿ ಎಳೆಯೋದು ಅಪಾಯ. ಅದಕ್ಕಿಂತ ದೊಡ್ಡ ಅಪಾಯ, ಟ್ರೇಲರ್ ಕಟ್ಟೋ ಗುಂಡಿಗೆ ಸ್ಟ್ರಾಪ್ ಸಿಗಿಸೋದು. ಆ ಗುಂಡು ಮುರಿದರೆ ಫಿರಂಗಿ ಗುಂಡೇ ಆಗುತ್ತೆ. ಆಸ್ಟ್ರೇಲಿಯಾದಲ್ಲಿ ಇದರಿಂದ ಜನ ಸತ್ತಿದ್ದಾರೆ. ಸ್ಟ್ರಾಪಿನ ಮಧ್ಯೆ ಒಂದು ಹಳೇ ಕಂಬಳಿ ಹೊದಿಸಿ, ಅಕ್ಕಪಕ್ಕದವರನ್ನೆಲ್ಲ ದೂರ ಕಳಿಸಿ ಆಮೇಲೆ ಎಳೀಬೇಕು. ಹಳ್ಳಿ ಕಡೆ ಗಾಡಿ ಸಿಕ್ಕಿಕೊಂಡರೆ ಮೊದಲು ಸುತ್ತ ಸೇರೋರು ಚಿಕ್ಕ ಮಕ್ಕಳು, ನೆನಪಿರಲಿ.

ಒಂದು ಸ್ಟ್ರಾಪ್, ಎರಡು ಶ್ಯಾಕಲ್, ಒಂದು ಮಡಚೋ ಗುದ್ದಲಿ, ಚಕ್ರದ ಕೆಳಗೆ ಕೊಡೋ ಎರಡು ರಿಕವರಿ ಹಲಗೆ. ಒಬ್ಬರೇ ಹೋದಾಗ ಹಲಗೆ, ಜೊತೆಗಾಡಿ ಇದ್ದಾಗ ಸ್ಟ್ರಾಪ್. ವಿಂಚ್ ಬೇಕಾ ಅಂತ ಕೇಳಿದರೆ, ನಿಮ್ಮ ದಾರಿ ನೋಡಿ ಅಂತೀನಿ. ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯೋ ಶಕ್ತಿ ಅದಕ್ಕೆ ಬೇಕು, ಅಂದ್ರೆ ಎರಡು ಟನ್ ಗಾಡಿಗೆ ಮೂರು ಟನ್. ಅಂಥದ್ದನ್ನ ಮೂತಿಗೆ ಕಟ್ಟಿದರೆ ಮುಂದಿನ ಸ್ಪ್ರಿಂಗಿನ ಮೇಲೆ ಸದಾ ಒಂದು ಸಿಮೆಂಟ್ ಮೂಟೆಯ ಹತ್ತಿರದ ಭಾರ. ವರ್ಷಕ್ಕೆ ಎರಡು ಸಲ ಮಡಿಕೇರಿಗೆ ಹೋಗೋನಿಗೆ ಯಾಕೆ ಬೇಕು? ಮಳೆಗಾಲದಲ್ಲಿ ಕಾಫಿ ತೋಟದ ಜೀಪುಗಳನ್ನ ನೋಡಿ. ಬಣ್ಣ ಹೋಗಿರುತ್ತೆ, ಟಾರ್ಪಲ್ ಹರಿದಿರುತ್ತೆ, ಆದರೆ ಚಕ್ರಕ್ಕೆ ಕಬ್ಬಿಣದ ಚೈನ್ ಬಿಗಿದು ಆಳಿನ ಜೊತೆ ಗೊಬ್ಬರದ ಮೂಟೆಯನ್ನೂ ಹೇರಿಕೊಂಡು ಗುಡ್ಡ ಹತ್ತುತ್ತಿರ್ತಾವೆ.

ಇನ್ನು ಒಡವೆಗಳ ಕಡೆ ಬರೋಣ. ಸ್ನಾರ್ಕೆಲ್ ಇಂಜಿನ್ನಿಗೆ ಗಾಳಿ ಎಳೆಯೋ ಬಾಯನ್ನ ಎತ್ತರಕ್ಕೆ ಒಯ್ಯುತ್ತೆ, ಅಷ್ಟೇ. ಬಾಗಿಲ ಸಂದಿಯಲ್ಲಿ ನೀರು ಬರೋದನ್ನ, ಗಾಡಿ ಹೊಳೆಯಲ್ಲಿ ತೇಲೋದನ್ನ ಅದು ತಡೆಯಲ್ಲ. ಥಾರ್ 650 ಮಿಲಿಮೀಟರ್ ಆಳದ ನೀರಿನಲ್ಲಿ ಹಾಗೆಯೇ ಹೋಗುತ್ತೆ ಅಂತ ಕಂಪನಿಯೇ ಹೇಳುತ್ತೆ, ಅಂದ್ರೆ ದೊಡ್ಡವರ ಮಂಡಿಗಿಂತ ಮೇಲೆ. ಅದಕ್ಕಿಂತ ಆಳದ ಹರಿಯೋ ನೀರಿಗೆ ಗಾಡಿ ಇಳಿಸೋ ಕೆಲಸವೇ ತಪ್ಪು, ಸ್ನಾರ್ಕೆಲ್ ಇದ್ದರೂ ತಪ್ಪು. ಜೆರ್ರಿ ಕ್ಯಾನಿಗೂ ಇದೇ ಮಾತು. ಮೈಸೂರಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್. ಹಿಂದಿನಿಂದ ಯಾರಾದ್ರೂ ಗುದ್ದಿದರೆ ಏನಾಗುತ್ತೆ ಅಂತ ಯೋಚಿಸಿದವರು ಹಿಂಬದಿಗೆ ಪೆಟ್ರೋಲ್ ನೇತುಹಾಕಲ್ಲ. ರೂಫ್ ರ್ಯಾಕಿನಲ್ಲಿ ಲಗೇಜು ಹಾಕಿದಷ್ಟೂ ಗಾಡಿಯ ಭಾರ ಮೇಲಕ್ಕೆ ಹೋಗುತ್ತೆ. ಮೊದಲೇ ಎತ್ತರದ ಗಾಡಿ, ಇಳಿಜಾರಿನಲ್ಲಿ ಪಕ್ಕಕ್ಕೆ ವಾಲೋದು ಇನ್ನೂ ಸಲೀಸು. ಹುಲ್ಲಿನ ಗಾಡಿ ಹೇರೋ ಯಾವ ರೈತನೂ ಇದನ್ನ ಕಲಿಯೋಕೆ ಕಾಲೇಜಿಗೆ ಹೋಗಿಲ್ಲ.

ಇವೆಲ್ಲ ಹಾಕಿಸಿಕೊಂಡೋನಿಗೇ ನಷ್ಟ. ಎದುರಿನವನ ಜೀವದ ಜೊತೆ ಆಡೋದು ಇನ್ನೆರಡಿವೆ, ವಿಮರ್ಶೆ ಕಟುವಾಗಬೇಕಾದದ್ದು ಅವುಗಳ ಬಗ್ಗೆ.

ಒಂದು ಬುಲ್ ಬಾರ್. ಈಗಿನ ಗಾಡಿಗಳ ಮೂತಿ ಗುದ್ದಿದಾಗ ನಜ್ಜುಗುಜ್ಜಾಗಬೇಕು ಅಂತಲೇ ಮಾಡಿರ್ತಾರೆ. ಮಡಚಿಕೊಳ್ಳೋ ತಗಡು ಪೆಟ್ಟನ್ನ ನುಂಗುತ್ತೆ, ಸೆನ್ಸರ್ ಅದನ್ನ ಅಳೆದು ಏರ್‌ಬ್ಯಾಗ್ ಬಿಚ್ಚುತ್ತೆ. ಮುಂದೆ ಕಬ್ಬಿಣದ ಕೊಳವೆ ನಿಲ್ಲಿಸಿದರೆ ಪೆಟ್ಟು ನೇರ ಚಾಸಿಗೆ ಹೋಗುತ್ತೆ, ಸೆನ್ಸರಿನ ಲೆಕ್ಕ ತಪ್ಪುತ್ತೆ. ಅದು ಒಳಗಿರೋರ ಕಥೆ. ಹೊರಗೆ ನಡ್ಕೊಂಡು ಹೋಗ್ತಿರೋರಿಗೆ ತಗಡು ತಗುಲೋದಕ್ಕೂ ಕಬ್ಬಿಣದ ಕೊಳವೆ ಸೊಂಟಕ್ಕೆ ತಗುಲೋದಕ್ಕೂ ಇರೋ ವ್ಯತ್ಯಾಸ ನಾನು ಬಿಡಿಸಿ ಹೇಳಬೇಕಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಇದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಕ್ರಮ ತಗೊಳ್ಳಿ ಅಂತ ಎಲ್ಲ ರಾಜ್ಯಗಳಿಗೂ ಬರೆಯಿತು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಗಾಡಿ ಮಾಲೀಕನಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಾರಿದ ಅಂಗಡಿಯವನು ಬಿಲ್ಲಿನಲ್ಲಿ ಇದನ್ನ ಬರೆಯಲ್ಲ.

ಇನ್ನೊಂದು ಎಲ್‌ಇಡಿ ಬಾರು. ಇದರ ಬಗ್ಗೆ ನಾನು ತಣ್ಣಗೆ ಬರೆಯೋಕಾಗಲ್ಲ. ಹೋದ ಮಳೆಗಾಲ, ಬೆಳಗಿನ ಜಾವ ಐದೂಕಾಲು ಗಂಟೆ. ಅಪ್ಪ ಟಿವಿಎಸ್ ಎಕ್ಸೆಲ್‌ಗೆ ಹಾಲಿನ ಕ್ಯಾನ್ ಕಟ್ಕೊಂಡು ನಾಲೆ ಏರಿ ಮೇಲೆ ಡೈರಿಗೆ ಹೋಗ್ತಿದ್ರು. ಎದುರಿಗೆ ಮೂರು ಗಾಡಿ, ಮೂರರ ನೆತ್ತಿ ಮೇಲೂ ಬಿಳೀ ಬೆಂಕಿ. ಅಪ್ಪನ ಮಾತಲ್ಲೇ ಹೇಳೋದಾದ್ರೆ, “ದಾರೀನೇ ಮಾಯವಾಗೋಯ್ತು ಕಣ್ಲಾ.” ಒಂದು ಕಡೆ ತುಂಬಿದ ನಾಲೆ, ಇನ್ನೊಂದು ಕಡೆ ಗದ್ದೆ. ಅವರ ಅದೃಷ್ಟ, ಗದ್ದೆ ಕಡೆಗೆ ಬಿದ್ರು. ಮುಂಗೈ ಮೂಳೆ ಮುರಿದು ಆರು ವಾರ ಪಟ್ಟಿ. ಅವತ್ತಿನ ಹಾಲು ಕೆಸರಿಗೆ. ಗಾಡಿಗಳು ನಿಲ್ಲಲಿಲ್ಲ. ನಿಲ್ಲಲಿಲ್ಲ ಅಂತ ಬೈಯೋಕೂ ಆಗಲ್ಲ, ಅವರಿಗೆ ಗೊತ್ತೇ ಆಗಿರಲ್ಲ. ಅವರ ಕಣ್ಣಿಗೆ ಅಲ್ಲಿ ಇದ್ದದ್ದು ಆಫ್-ರೋಡ್. ಅಲ್ಲಿ ಯಾರಾದ್ರೂ ಇರ್ತಾರೆ ಅಂತ ಅವರಿಗೆ ಯಾರು ಹೇಳಿದ್ರು?

ಲೆಕ್ಕ ಇದರಲ್ಲೂ ಇದೆ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಣ್ಣು ಕುಕ್ಕಿ ಮೂರು ಸೆಕೆಂಡ್ ಏನೂ ಕಾಣದಿದ್ದರೆ ಎದುರಿನವನು 50 ಮೀಟರ್ ಕುರುಡನಾಗಿ ಓಡಿಸಿರ್ತಾನೆ. ಹಾಕಿಸಿಕೊಂಡೋನಿಗಾದ್ರೂ ಲಾಭ ಇದೆಯಾ? ಕೊಡಗಿನ ಮಂಜಿನಲ್ಲಿ ನೆತ್ತಿ ಮೇಲಿನ ಬಿಳೀ ದೀಪ ಹಾಕಿ ನೋಡಿ. ಮಂಜಿನ ಹನಿಗಳಿಗೆ ಬಡಿದ ಬೆಳಕು ನೇರ ನಿಮ್ಮ ಕಣ್ಣಿಗೇ ವಾಪಸ್ ಬಂದು ಮುಂದೆ ಬಿಳೀ ಗೋಡೆ ಎದ್ದ ಹಾಗಾಗುತ್ತೆ. ಫಾಗ್ ಲ್ಯಾಂಪನ್ನ ಬಂಪರ್ ಕೆಳಗೆ ಕೂರಿಸೋದು ಅದಕ್ಕೇ. ರಾತ್ರಿ ಕಾಡಿನಲ್ಲಿ ಬೇಕು ಅನ್ನೋದಾದ್ರೆ, ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ನಿಮ್ಮ ನಮ್ಮಂಥವರ ಗಾಡಿಗೆ ಪ್ರವೇಶವೇ ಇಲ್ಲ. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿಗಳ ಮೇಲೆ ಕೇಸು ಹಾಕೋಕೆ ಶುರು ಮಾಡಿದ್ರು, ಸಂತೋಷ. ಆದರೆ ಪೊಲೀಸರು ನಿಲ್ಲೋದು ಟೋಲ್ ಹತ್ತಿರ, ನಾಲೆ ಏರಿ ಮೇಲಲ್ಲ. ಅಲ್ಲಿ ಸ್ವಿಚ್ ಇರೋದು ನಿಮ್ಮ ಕೈಯಲ್ಲಿ.

ಬೈಕಿನವರಿಗೂ ಎರಡು ಮಾತು. ಹಿಮಾಲಯನ್ 411ರಂಥ ಟ್ಯೂಬ್ ಇರೋ ಸ್ಪೋಕ್ ಚಕ್ರಕ್ಕೆ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಕೊಂಡಿಟ್ಟುಕೊಂಡೋರನ್ನ ನೋಡಿದೀನಿ; ಅದರಿಂದ ಹಲ್ಲು ಚುಚ್ಕೋಬಹುದು, ಅಷ್ಟೇ. ಅವರಿಗೆ ಬೇಕಾದದ್ದು ಟೈರ್ ಲಿವರ್, ಒಂದು ಟ್ಯೂಬು, ಮತ್ತು ಚಕ್ರ ಬಿಚ್ಚೋ ಅಭ್ಯಾಸ. ಇಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್, ಬಿದ್ದಾಗ ಬ್ರೇಕ್ ಲಿವರ್ ಮುರಿಯದ ಹಾಗೆ ಹ್ಯಾಂಡ್ ಗಾರ್ಡ್, ಇವೆರಡೂ ಹತಾರ. ಮುರಿದ ಲಿವರಿನ ಬೆಲೆ ದೊಡ್ಡದಲ್ಲ, ಆದರೆ ಅದು ಮುರಿಯೋದು ಯಾವಾಗಲೂ ಅಂಗಡಿಯಿಂದ ಐವತ್ತು ಕಿಲೋಮೀಟರ್ ದೂರದಲ್ಲಿ. ಹ್ಯಾಂಡಲಿಗೆ ಫೋನ್ ಸಿಗಿಸೋರು ನಡುಕ ತಡೆಯೋ ಹೋಲ್ಡರನ್ನೇ ತಗೊಳ್ಳಿ. ದೊಡ್ಡ ಬೈಕುಗಳ ಅದುರಾಟದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಇಷ್ಟೆಲ್ಲ ಓದಿದ ಮೇಲೆ ಒಬ್ಬ ಗೆಳೆಯ ಕೇಳೋ ಪ್ರಶ್ನೆ ಗೊತ್ತು. “ಗುರೂ, ದುಡೀತೀವಿ, ಕಂತು ಕಟ್ತೀವಿ. ಚೆಂದಕ್ಕೆ ಅಂತ ಹಾಕಿಸ್ಕೊಂಡರೆ ನಿಂಗೇನು ಹೊಟ್ಟೆಉರಿ?” ನ್ಯಾಯವಾದ ಪ್ರಶ್ನೆ. ನಾವೂ ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಟೇಪು ಸುತ್ತಿ, ಬಲೂನು ಕಟ್ಟಿ ಮೆರೆಸಿದವರೇ. ಬಣ್ಣ ಬಳಿದರೆ ಎತ್ತು ಜಾಸ್ತಿ ಉಳುತ್ತೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಗಾಡಿಗೆ ಬೇಕಾದ ಬಣ್ಣ ಹಾಕಿ, ಸ್ಟಿಕ್ಕರ್ ಅಂಟಿಸಿ, ಸೀಟಿಗೆ ಒಳ್ಳೇ ಕವರ್ ಹೊಲಿಸಿ. ಒಡವೆ ತಾನು ಒಡವೆ ಅಂತ ಒಪ್ಪಿಕೊಂಡರೆ ನನ್ನದೇನೂ ತಕರಾರಿಲ್ಲ. ಹತಾರದ ವೇಷ ಹಾಕಿ ನಿಮ್ಮ ಜೇಬು ಖಾಲಿ ಮಾಡೋ ಒಡವೆ ಬಗ್ಗೆ ತಕರಾರು. ದಾರೀಲಿ ಹೋಗೋ ಇನ್ನೊಬ್ಬರ ಕೈ ಮುರಿಯೋ ಒಡವೆ ಬಗ್ಗೆ ಸಿಟ್ಟು.

ಈಗಷ್ಟೇ ಗಾಡಿ ತಗೊಂಡಿರೋರಿಗೆ ನನ್ನ ಸಲಹೆ ಇಷ್ಟು. ಮೊದಲ ವರ್ಷ ಏನೂ ಕಟ್ಟಿಸಬೇಡಿ. ಗೇಜು, ಕಂಪ್ರೆಸರ್, ಪಂಕ್ಚರ್ ಕಿಟ್, ಸ್ಟ್ರಾಪ್, ಶ್ಯಾಕಲ್, ಒಳ್ಳೇ ಟಾರ್ಚು, ಪ್ರಥಮ ಚಿಕಿತ್ಸೆ ಡಬ್ಬಿ, ಡ್ರೈವರ್ ಸೀಟಿಂದಲೇ ಕೈಗೆ ಎಟುಕೋ ಹಾಗೆ ಒಂದು ಕೆಜಿಯ ಬೆಂಕಿ ಆರಿಸೋ ಸಿಲಿಂಡರ್. ಎಲ್ಲ ಸೇರಿ ಒಂದು ಚೀಲ. ಒಂದೂ ಹೊರಗೆ ಕಾಣಲ್ಲ, ಒಂದಕ್ಕೂ ತಂತಿ ಕತ್ತರಿಸಬೇಕಿಲ್ಲ, ವಾರಂಟಿಗೂ ತೊಂದರೆ ಇಲ್ಲ. ವರ್ಷ ಕಳೆದ ಮೇಲೆ ಯಾವ ದಾರಿಯಲ್ಲಿ ಎಷ್ಟು ಸಲ ಹೋದಿರಿ, ಎಲ್ಲಿ ಸಿಕ್ಕಿಕೊಂಡಿರಿ ಅಂತ ನೋಡಿ ಮುಂದಿನದನ್ನ ಕೊಳ್ಳಿ. ಟೈರು ಸವೆದಾಗ ಆಲ್-ಟೆರೇನ್ ಹಾಕಿಸಿ.

ಅದಕ್ಕೂ ಮುಂಚೆ ಇವತ್ತು ಸಂಜೆಯೇ ಒಂದು ಕೆಲಸ ಮಾಡಿ, ಖರ್ಚಿಲ್ಲ. ಪಾರ್ಕಿಂಗಿಗೆ ಇಳಿದು ಜಾಕ್ ತೆಗೆದು ಒಂದು ಚಕ್ರ ಬಿಚ್ಚಿ, ಮತ್ತೆ ಹಾಕಿ. ಎಷ್ಟು ಹೊತ್ತು ಹಿಡೀತು ನೋಡಿ. ಹಾಗೇ ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತಲೂ ನೋಡಿಬಿಡಿ. ನನಗೆ ತಿಳಿದ ಮಟ್ಟಿಗೆ, ಹತ್ತರಲ್ಲಿ ಆರು ಗಾಡಿಯಲ್ಲಿ ಇರಲ್ಲ.